ಚಾರ್ಲ್ಸ್ ದೊರೆ ಮತ್ತು ಪಾರ್ಲಿಮೆಂಟ್: ಲಂಡನ್ನಿನ ಈ ಆಡಿಯೋ ಗೈಡ್ ಹೇಗಿದೆ?

17ನೇ ಶತಮಾನದ ಇಂಗ್ಲೆಂಡ್ ದೊರೆ ಒಂದನೇ ಚಾರ್ಲ್ಸ್ ಮತ್ತು ಪಾರ್ಲಿಮೆಂಟ್ ನಡುವಿನ ಜಗಳದ ಕಥೆಯನ್ನು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಿಂದ ಬ್ಯಾಂಕ್ವೆಟಿಂಗ್ ಹೌಸ್ ಅನ್ನೋ ಹಳೇ ಅರಮನೆ ಕಟ್ಟಡದವರೆಗೆ ಕೇಳುತ್ತಾ ನಡೆಯೋ ಆಡಿಯೋ ಗೈಡ್ ಇದು. ನನಗೆ ತುಂಬಾ ಇಷ್ಟವಾಯ್ತು.

ಮೊದಲು ಸೇಂಟ್ ಸ್ಟೀಫನ್ಸ್ ಹಾಲ್ ಭಾಗ ಹೇಳ್ತೀನಿ, ಅದೇ ಇದರ ಜೀವ. ಪಾರ್ಲಿಮೆಂಟಿನ ಕೆಳಮನೆ ಹಿಂದೆ ಸೇರುತ್ತಿದ್ದದ್ದು ಇಲ್ಲೇ; ಆಗ ಸ್ಪೀಕರ್ ಕುರ್ಚಿ ಇದ್ದ ಜಾಗಕ್ಕೆ ನೆಲದಲ್ಲಿ ಹಿತ್ತಾಳೆಯ ಗುರುತಿದೆ. ಅಲ್ಲೇ ನಿಲ್ಲಿಸಿ 1642ರ ಜನವರಿ 4ರ ಕಥೆ ಹೇಳ್ತಾರೆ. ಒಂದನೇ ಚಾರ್ಲ್ಸ್ ಸೈನಿಕರ ಜೊತೆ ಬಂದು ಐವರು ಸದಸ್ಯರನ್ನು ಹಿಡಿಯೋಕೆ ನೋಡ್ತಾನೆ, ಅವರು ಆಗಲೇ ತಪ್ಪಿಸಿಕೊಂಡಿರ್ತಾರೆ, ಎಲ್ಲಿದ್ದಾರೆ ಅಂತ ಕೇಳಿದರೆ ಸ್ಪೀಕರ್ ಲೆಂಥಾಲ್ ಮಂಡಿಯೂರಿ, ಈ ಸದನ ಹೇಳದೆ ನನಗೆ ನೋಡೋಕೆ ಕಣ್ಣಿಲ್ಲ, ಮಾತಾಡೋಕೆ ನಾಲಿಗೆ ಇಲ್ಲ ಅಂತಾನೆ. ಮಂಡಿಯೂರಿದವನೇ ದೊರೆಗೆ ಇಲ್ಲ ಅಂದನಲ್ವಾ! ನನಗೆ ಮೈ ಜುಮ್ಮೆಂದಿತು.

ಅದಕ್ಕೂ ಮುಂಚೆ ಚಾರ್ಲ್ಸ್ 11 ವರ್ಷ ಪಾರ್ಲಿಮೆಂಟ್ ಕರೆಯದೆ ಆಳಿದ್ದು, ಅದರ ಒಪ್ಪಿಗೆ ಇಲ್ಲದೆ ನೌಕಾಪಡೆ ಹೆಸರಲ್ಲಿ ಹಡಗು ತೆರಿಗೆ ಎತ್ತಿದ್ದು, ಎಲ್ಲ ಸರಳವಾಗಿ ಬರುತ್ತೆ. ಜಗಳದ ಬುಡ ದುಡ್ಡು ಅಂತ ಬೇಗ ಅರ್ಥವಾಗುತ್ತೆ.

ಜಗಳ ಯುದ್ಧವಾಗಿ ಚಾರ್ಲ್ಸ್ ಸೋತ. ಕೊನೆ ನಿಲ್ದಾಣವಾದ ಬ್ಯಾಂಕ್ವೆಟಿಂಗ್ ಹೌಸ್‌ನಲ್ಲಿ ಅವನ ತಲೆ ಕಡಿದ ದಿನ, 1649ರ ಜನವರಿ 30. ಚಳಿಗೆ ನಡುಗಿದರೆ ಹೆದರಿದ ಅಂದುಕೊಳ್ತಾರೆ ಅಂತ ಅವನು ಎರಡು ಅಂಗಿ ಹಾಕಿಕೊಂಡು ಬಂದಿದ್ದ. ಅಪ್ಪನನ್ನು ಹೊಗಳಿ ತಾನೇ ಚಿತ್ರಕಾರ ರೂಬೆನ್ಸ್ ಕೈಲಿ ಬರೆಸಿದ ಚಾವಣಿ ಚಿತ್ರದ ಕೆಳಗೇ ದಾಟಿ ವಧಾಸ್ಥಾನಕ್ಕೆ ಹೋದ.

ಬೇಸರ ಒಂದೇ: 1689ರ ಹಕ್ಕುಗಳ ಮಸೂದೆಯನ್ನು ಎರಡೇ ಮಾತಲ್ಲಿ ಮುಗಿಸಿದ್ದಾರೆ. ಪಾರ್ಲಿಮೆಂಟ್ ಒಪ್ಪದೆ ತೆರಿಗೆ ಇಲ್ಲ ಅಂತ ಬರೆದು ಗಟ್ಟಿ ಮಾಡಿದ್ದೇ ಅಲ್ಲಿ. ಅದಕ್ಕೇ ಒಂದು ಸ್ಟಾರ್ ಕಮ್ಮಿ. ಐದಕ್ಕೆ ನಾಲ್ಕು.