ಮೂರು ಮಳೆಗಾಲ ಕಂಡ ಜೇನುಮೇಣದ ಡಬ್ಬಿ

ಜೇನುಮೇಣ, ಎಣ್ಣೆ ಬೆರೆಸಿದ ಈ ಲೆದರ್ ಕಂಡೀಷನರ್ (ಚರ್ಮ ಒಣಗಿ ಬಿರಿಯದಂತೆ ಹಚ್ಚುವ ಕ್ರೀಮು) ಮೂಡಿಗೆರೆಗೆ ತರಿಸಿಕೊಂಡು ಮೂರು ಮಳೆಗಾಲ ಕಳೆಯಿತು. 100 ಗ್ರಾಂ ಡಬ್ಬಿಯಲ್ಲಿ ಇನ್ನೂ ಕಾಲುಭಾಗ ಉಳಿದಿದೆ. ತೋಟದ ಬೂಟು, ಅಪ್ಪನ ಕಾಲದ ಕೈಚೀಲ, ಒಂದು ಬೆಲ್ಟು, ಎಲ್ಲಕ್ಕೂ ಇದೇ.

ತರಿಸುವಂತಾದದ್ದು ನನ್ನದೇ ತಪ್ಪಿಗೆ. ಪುಷ್ಯ ಮಳೆಯಲ್ಲಿ ತೊಯ್ದ ಹಳೇ ಬೂಟನ್ನು ಬೇಗ ಒಣಗಲಿ ಅಂತ ಬಚ್ಚಲು ಒಲೆಯ ಪಕ್ಕ ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಹಪ್ಪಳ! ಬೆರಳು ಮಡಚುವ ಜಾಗದಲ್ಲಿ ಅಡ್ಡಡ್ಡ ಬಿರುಕು. ಕೊಬ್ಬರಿ ಎಣ್ಣೆ ಸವರಿದೆ. ಮಳೆ ಮುಗಿಯುವಷ್ಟರಲ್ಲಿ ಕಮಟು ವಾಸನೆ. ಚರ್ಮದ ನಾರೇ ಹರಿದ ಮೇಲೆ ಯಾವ ಕ್ರೀಮೂ ಕೂಡಿಸುವುದಿಲ್ಲ.

ಕ್ರೀಮು ಒಳ್ಳೆಯದೇ. ಹುಣಸೆ ಬೀಜದಷ್ಟು ತೆಗೆದರೆ ಬೆರಳ ಬಿಸಿಗೇ ಕರಗುತ್ತದೆ. ಹಳೇ ಪಂಚೆಯ ತುಂಡಿನಲ್ಲಿ ತೆಳ್ಳಗೆ ತಿಕ್ಕಿ, ಅರ್ಧ ದಿನ ಬಿಟ್ಟು, ಮಿಕ್ಕಿದ್ದನ್ನು ಒಣಬಟ್ಟೆಯಲ್ಲಿ ಒರೆಸಬೇಕು. ಅಪ್ಪನ ಚೀಲ ತಂಗಡಿ ಚಕ್ಕೆ, ಅಳಲೆಕಾಯಿಯಂಥವುಗಳಿಂದ ಹದ ಮಾಡುವ ಬಗೆಯ ಚರ್ಮ. ಗಟಗಟ ಕುಡಿದು ಒಂದು ಛಾಯೆ ಕಪ್ಪಾಯಿತು, ಮತ್ತೆ ಹಳೇ ಬಣ್ಣಕ್ಕೆ ಬರಲೇ ಇಲ್ಲ. ಬೂಟಿನದು ಕ್ರೋಮ್ ಹದ, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಚರ್ಮ, ಬಣ್ಣ ಹಾಗೇ ಇದೆ. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ. ಸ್ವೀಡ್‌ಗೆ (ನವಿರು ಎಬ್ಬಿಸಿದ ಮೆತ್ತನೆ ಚರ್ಮ) ಮಾತ್ರ ಬೇಡ, ನವಿರೆಲ್ಲ ಅಂಟಿಕೊಂಡು ಕೂರುತ್ತದೆ.

ಡಬ್ಬಿಯ ಮೇಲೆ ತಿಂಗಳಿಗೊಮ್ಮೆ ಹಚ್ಚಿ ಅಂತಿದೆ. ಬರೆದವರು ಜುಲೈಯಲ್ಲಿ ಮಲೆನಾಡಿಗೆ ಬಂದವರಲ್ಲ. ಮೊದಲ ವರ್ಷ ಅವರ ಮಾತು ನಂಬಿ ಮಳೆಗಾಲವಿಡೀ ದಪ್ಪಗೆ ಮೆತ್ತಿದೆ. ಗೌರಿ ಹಬ್ಬಕ್ಕೆ ಬೀರು ತೆಗೆದರೆ ಚೀಲದ ಹೊಲಿಗೆಯುದ್ದಕ್ಕೂ ಬಿಳಿ ಬೂಷ್ಟು, ಹಿಡಿಯ ಬುಡದಲ್ಲಿ ಹಸಿರು. ತಿಂಗಳುಗಟ್ಟಲೆ ಥಂಡಿ ಹಿಡಿದ ಮನೆಯಲ್ಲಿ ಚರ್ಮಕ್ಕೆ ಬೇಕಿದ್ದದ್ದು ಗಾಳಿ, ಎಣ್ಣೆಯಲ್ಲ. ಮೇಲುಳಿದ ಜಿಡ್ಡು ಬೂಷ್ಟಿಗೆ ಊಟವಾಗಿತ್ತು. ಜಗಲಿಗೆ ಒಯ್ದು ಒಣ ಬ್ರಷ್ಷಿನಲ್ಲಿ ಕೊಡವಿ (ಒಳಗೆ ಕೊಡವಿದರೆ ಬೀರುವಿಗೆಲ್ಲ ಬೀಜ ಬಿತ್ತಿದ ಹಾಗೆ), ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಹಿಂಡಿ ಒರೆಸಿ, ನೆರಳಲ್ಲಿ ಒಣಗಿಸಿದೆ. ಕಲೆ ಸ್ವಲ್ಪ ಉಳಿಯಿತು.

ಅಲ್ಲಿಂದ ವರ್ಷಕ್ಕೆ ಎರಡೇ ಸಲ: ಮೇ ತಿಂಗಳಲ್ಲಿ ಒಂದು ಕೈ, ಕಾಫಿ ಕೊಯ್ಲು ಮುಗಿದ ಮೇಲೆ ಒಣಹವೆಯಲ್ಲಿ ಇನ್ನೊಂದು. ಮಳೆಯಲ್ಲಿ ಡಬ್ಬಿ ಮುಟ್ಟುವುದಿಲ್ಲ. ಕೆಸರು ತೊಳೆದು, ಬೂಟಿನೊಳಗೆ ಪೇಪರ್ ತುರುಕಿ, ರಾತ್ರಿ ಒಮ್ಮೆ ಬದಲಿಸಿ, ಒಲೆಯಿಂದ ದೂರ ಇಡುತ್ತೇನೆ. ಚೀಲ ಬೀರುವಿನಿಂದ ಗೋಡೆಯ ಮೊಳೆಗೆ ಬಂದಿದೆ. ಆಮೇಲಿನ ಎರಡು ಮಳೆಗಾಲ ಬೂಷ್ಟು ಬಂದಿಲ್ಲ. ನೀರು ಹನಿಯಾಗಿ ಜಾರುತ್ತದೆ ನಿಜ, ಆದರೆ ಹಳ್ಳ ದಾಟಿದರೆ ಒಳಗೆ ಬಂದೇ ಬರುತ್ತದೆ. ಇಂಬಳಕ್ಕಂತೂ ಇದರ ಲೆಕ್ಕವೇ ಇಲ್ಲ, ಅದಕ್ಕೆ ಸುಣ್ಣ, ಹೊಗೆಸೊಪ್ಪೇ ಆಗಬೇಕು.

ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ತಗಡಿನ ಮುಚ್ಚಳಕ್ಕೆ. ಎರಡನೇ ವರ್ಷಕ್ಕೇ ತುಕ್ಕು ಹಿಡಿದು, ಈಗ ಪ್ರತಿ ಸಲ ಚಮಚದ ಹಿಡಿಯಲ್ಲಿ ಮೀಟಿ ತೆಗೆಯಬೇಕು.