ಹಳೆಯ ಜೀಪಿನ ಕೆಲಸಕ್ಕೆ ಅಗ್ಗದ ವೆಲ್ಡಿಂಗ್ ಯಂತ್ರ: ಬಳಸಿ ನೋಡಿದ ಮೂರರ ಹೋಲಿಕೆ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಮಹೀಂದ್ರ ಜೀಪುಗಳಲ್ಲಿ ತಳದ ತಗಡು ತುಕ್ಕು ಹಿಡಿಯದೆ ಉಳಿದಿರುವುದು ಅಪರೂಪ. ಅಂಥದ್ದೊಂದು ಜೀಪಿನ ತಳ, ಹಿಂದಿನ ಸೀಟಿನ ಚೌಕಟ್ಟು, ಬಂಪರಿನ ಬ್ರಾಕೆಟ್ಟುಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ಹವ್ಯಾಸ ನನ್ನದು. ಇದಕ್ಕಾಗಿ ನಾನು ಮೂರು ಬಗೆಯ ಯಂತ್ರಗಳನ್ನು ಬಳಸಿ ನೋಡಿದ್ದೇನೆ: ಪಕ್ಕದ ತೋಟದವರಿಂದ ತಂದ ಹಳೆಯ ಟ್ರಾನ್ಸ್‌ಫಾರ್ಮರ್ ಸೆಟ್, ನಾನೇ ಕೊಂಡ 200 ಆಂಪಿಯರಿನ ಇನ್ವರ್ಟರ್ ಆರ್ಕ್ ಯಂತ್ರ (ಟ್ರಾನ್ಸ್‌ಫಾರ್ಮರ್ ಸೆಟ್ಟಿನಂತೆ ರಾಡಿನಿಂದಲೇ ಬೆಸೆಯುವ, ಆದರೆ ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವಂಥದ್ದು), ಮತ್ತು ಗ್ಯಾಸ್ ಇದ್ದರೂ ಇಲ್ಲದಿದ್ದರೂ ನಡೆಯುವ ಸಣ್ಣ ಮಿಗ್ ಯಂತ್ರ (ರಾಡಿನ ಬದಲು ಸುರುಳಿಯಿಂದ ತಾನೇ ಬರುವ ತಂತಿಯನ್ನು ಕರಗಿಸಿ ಬೆಸೆಯುವಂಥದ್ದು).

ಬೆಲೆ ಕೇಳುವುದಕ್ಕೆ ಮೊದಲು ಎರಡು ಸಂಗತಿಗಳನ್ನು ತಿಳಿದುಕೊಳ್ಳಬೇಕು. ನೀವು ಕೂಡಿಸಬೇಕಾದ ಅತಿ ತೆಳುವಾದ ಲೋಹ ಎಷ್ಟು ದಪ್ಪ, ಮತ್ತು ನಿಮ್ಮ ಶೆಡ್ಡಿನ ಪ್ಲಗ್ಗಿನಲ್ಲಿ ಕೆಲಸದ ಹೊತ್ತಿಗೆ ಎಷ್ಟು ವೋಲ್ಟೇಜ್ ಉಳಿದಿರುತ್ತದೆ ಎಂಬುದೇ ಆ ಎರಡು. ಬಾಡಿ ತಗಡು ಸುಮಾರು ಒಂದು ಮಿಲಿಮೀಟರ್ ಇರುತ್ತದೆ, ಸೀಟಿನ ಚೌಕಟ್ಟಿಗೆ ಹಾಕುವ ಚೌಕ ಪೈಪು ಒಂದೂವರೆಯಿಂದ ಎರಡು ಮಿಲಿಮೀಟರ್, ಬ್ರಾಕೆಟ್ಟಿನ ಪಟ್ಟಿ ಐದು ಮಿಲಿಮೀಟರ್. ಇವೆಲ್ಲಕ್ಕೂ ಸಮನಾಗಿ ಒಗ್ಗುವ ಅಗ್ಗದ ಯಂತ್ರವನ್ನು ನಾನು ಕಂಡಿಲ್ಲ. ವೋಲ್ಟೇಜಿನ ವಿಷಯವಂತೂ ಲೈನಿನ ಕೊನೆಯಲ್ಲಿರುವ ತೋಟದ ಮನೆಯವರಿಗೆ ಗೊತ್ತೇ ಇದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾಗಿ ಎಲ್ಲರೂ ಸ್ಪ್ರಿಂಕ್ಲರ್ ಪಂಪು ಹಾಕಿದ ಹೊತ್ತಿನಲ್ಲಿ 230 ಇರಬೇಕಾದ್ದು ನಮ್ಮಲ್ಲಿ 180ರ ಆಸುಪಾಸಿಗೆ ಇಳಿಯುತ್ತದೆ.

ಟ್ರಾನ್ಸ್‌ಫಾರ್ಮರ್ ಸೆಟ್ಟಿನ ದೊಡ್ಡ ಗುಣ ಅದರ ಬಾಳಿಕೆ. ತಾಮ್ರದ ಸುರುಳಿ, ಕಬ್ಬಿಣದ ತಿರುಳು ಬಿಟ್ಟರೆ ಒಳಗೆ ಕೆಡುವಂಥದ್ದು ಹೆಚ್ಚೇನೂ ಇಲ್ಲ, ಮತ್ತು ಕೆಟ್ಟರೂ ಮೋಟಾರ್ ವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲಾದರೂ ಸರಿಹೋಗುತ್ತದೆ. ಆದರೆ ಕೆಲಸದ ಕಡೆಯಲ್ಲಿ 80 ಆಂಪಿಯರ್ ಕೊಡಲು ಇದು ಮನೆಯ ಲೈನಿನಿಂದ 20 ಆಂಪಿಯರಿನಷ್ಟು ಎಳೆಯುತ್ತದೆ, ಲೈನಿನ ವೋಲ್ಟೇಜ್ ಇಳಿದಂತೆಲ್ಲ ಕಿಡಿಯ ಬಲವೂ ಇಳಿಯುತ್ತದೆ, ಮತ್ತು ಇಬ್ಬರು ಹಿಡಿಯದೆ ಜಾಗ ಬಿಟ್ಟು ಕದಲುವುದಿಲ್ಲ. ಗೇಟು, ಏಣಿ, ಟ್ರೈಲರಿನ ಆಂಗಲ್ ಕೆಲಸಕ್ಕೆ ಇದು ಸಾಕು. ಜೀಪಿನ ತಗಡಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಇನ್ವರ್ಟರ್ ಆರ್ಕ್ ಯಂತ್ರ ಏಳೆಂಟು ಸಾವಿರ ರೂಪಾಯಿಗೆ ಸಿಗುತ್ತದೆ ಮತ್ತು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಹಗುರವಾಗಿರುತ್ತದೆ. ಅದೇ 80 ಆಂಪಿಯರಿಗೆ ಇದು ಲೈನಿನಿಂದ ಸುಮಾರು 14 ಆಂಪಿಯರ್ ಮಾತ್ರ ಎಳೆಯುವುದರಿಂದ, ವೈರಿಂಗ್ ಗಟ್ಟಿಯಾಗಿದ್ದರೆ ಮನೆಯ 16 ಆಂಪಿಯರಿನ ಪ್ಲಗ್ಗಿನಲ್ಲೇ ನಡೆಯುತ್ತದೆ. ಡಿಸಿ ಕರೆಂಟ್ ಆದ್ದರಿಂದ ಕಿಡಿ ಸರಾಗವಾಗಿ ಹತ್ತುತ್ತದೆ ಮತ್ತು ನಡುನಡುವೆ ತಡವರಿಸುವುದಿಲ್ಲ. 2.5 ಮಿಲಿಮೀಟರಿನ 6013 ಎಂಬ ಬಗೆಯ ರಾಡನ್ನು (ಕರಗಿ ಬೆಸುಗೆಯಾಗುವ ಕಡ್ಡಿಯನ್ನು) 60ರಿಂದ 90 ಆಂಪಿಯರಿನೊಳಗೆ ಇಟ್ಟುಕೊಂಡು ನಾನು ಸೀಟಿನ ಚೌಕಟ್ಟು, ಬ್ರಾಕೆಟ್ಟು, ಟ್ರೈಲರಿನ ಅಡ್ಡಪಟ್ಟಿಗಳನ್ನೆಲ್ಲ ಮುಗಿಸಿದ್ದೇನೆ. ವೋಲ್ಟೇಜ್ ಸ್ವಲ್ಪ ಕುಸಿದರೂ ಇದು ತನ್ನ ಕರೆಂಟನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಆದರೆ ತೀರಾ ಕೆಳಗಿಳಿದರೆ ದೀಪ ಹತ್ತಿಸಿ ನಿಂತುಬಿಡುತ್ತದೆ.

ಇಲ್ಲಿ ಎಕ್ಸ್‌ಟೆನ್ಷನ್ ವೈರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆಯಿಂದ ಶೆಡ್ಡಿಗೆ ಮೂವತ್ತು ಮೀಟರ್ ದೂರವಿದ್ದು, ಒಂದು ಚದರ ಮಿಲಿಮೀಟರಿನ ತಂತಿ ಎಳೆದಿದ್ದರೆ, 14 ಆಂಪಿಯರಿಗೆ ಆ ತಂತಿಯಲ್ಲೇ ಸುಮಾರು 15 ವೋಲ್ಟ್ ಕರಗಿಹೋಗುತ್ತದೆ; ಎರಡೂವರೆಯ ತಂತಿಯಾದರೆ ಆರು ವೋಲ್ಟಿನಲ್ಲಿ ಮುಗಿಯುತ್ತದೆ. ಮೊದಲೇ ಬಳಲಿದ ಲೈನಿನಲ್ಲಿ ಯಂತ್ರ ನಡೆಯುವುದಕ್ಕೂ ನಿಲ್ಲುವುದಕ್ಕೂ ಇರುವ ಅಂತರ ಎಷ್ಟೋ ಸಲ ಇಷ್ಟೇ ಆಗಿರುತ್ತದೆ. ಆದ್ದರಿಂದ ದುಬಾರಿ ಯಂತ್ರಕ್ಕೆ ಹಾಕುವ ಹೆಚ್ಚುವರಿ ಹಣವನ್ನು ಒಳ್ಳೆಯ ವೈರಿಗೆ ಹಾಕುವುದು ಮೇಲು.

ಆರ್ಕ್ ಯಂತ್ರದ ಮಿತಿ ಇರುವುದು ತೆಳು ತಗಡಿನಲ್ಲಿ. ಒಂದು ಮಿಲಿಮೀಟರಿನ ತಗಡಿಗೆ ರಾಡು ತಾಗಿಸಿದರೆ ಕ್ಷಣದಲ್ಲಿ ತೂತು ಬೀಳುತ್ತದೆ, ಅದನ್ನು ಮುಚ್ಚಲು ಹೋದರೆ ತೂತಿನ ಅಂಚು ಇನ್ನಷ್ಟು ಹಿಂದೆ ಸರಿಯುತ್ತದೆ. 2 ಮಿಲಿಮೀಟರಿನ ರಾಡು, ಬೆನ್ನಿಗೆ ಒತ್ತಿಹಿಡಿದ ತಾಮ್ರದ ಪಟ್ಟಿ, ಒಂದೊಂದೇ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಹೊಡೆದು ಆರಲು ಬಿಡುವ ತಾಳ್ಮೆ ಇವೆಲ್ಲ ಇದ್ದರೆ ಆಗುತ್ತದೆ, ಆದರೆ ಇಡೀ ತಳವನ್ನು ಹೀಗೆ ಕೂಡಿಸುವುದು ಹವ್ಯಾಸಿಗೆ ಹೇಳಿದ ಕೆಲಸವಲ್ಲ.

ಮಿಗ್ ಯಂತ್ರ ಗೆಲ್ಲುವುದು ಇಲ್ಲಿಯೇ. 0.8 ಮಿಲಿಮೀಟರಿನ ಗಟ್ಟಿ ತಂತಿ, ಬೆಸುಗೆಗೆ ಗಾಳಿ ತಾಗದಂತೆ ಕಾಯಲು ನಿಮಿಷಕ್ಕೆ ಹತ್ತು ಹನ್ನೆರಡು ಲೀಟರ್ ಕಾರ್ಬನ್ ಡೈಆಕ್ಸೈಡ್ ಇದ್ದರೆ ಜೀಪಿನ ತಳದ ತಗಡು ತೂತಾಗದೆ ಕೂಡುತ್ತದೆ, ಮತ್ತು ಮೇಲೆ ಸ್ಲ್ಯಾಗ್ ಎಂಬ ಗಟ್ಟಿ ಪದರ ಇಲ್ಲದಿರುವುದರಿಂದ ಗ್ರೈಂಡರಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ತೊಂದರೆಯಿರುವುದು ಸಿಲಿಂಡರಿನಲ್ಲಿ. ಅದರ ಠೇವಣಿ, ರೆಗ್ಯುಲೇಟರ್, ತುಂಬಿಸಲು ಚಿಕ್ಕಮಗಳೂರಿಗೋ ಹಾಸನಕ್ಕೋ ಹೊರುವ ಖರ್ಚು ಎಲ್ಲವನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಜೊತೆಗೆ, ನಮ್ಮ ಶೆಡ್ಡುಗಳಿಗೆ ಗೋಡೆಯೇ ಇರುವುದಿಲ್ಲ. ಗಾಳಿ ಬೀಸಿ ಗ್ಯಾಸ್ ಚದುರಿದ ಕೂಡಲೇ ಬೆಸುಗೆಯಲ್ಲಿ ಸೂಜಿ ಚುಚ್ಚಿದಂಥ ರಂಧ್ರಗಳು ಕಾಣಿಸಿಕೊಳ್ಳುತ್ತವೆ.

ಅದಕ್ಕಾಗಿಯೇ ಗ್ಯಾಸ್ ಬೇಡದ, ಒಳಗೆ ಫ್ಲಕ್ಸ್ (ಉರಿದು ಬೆಸುಗೆಯನ್ನು ಗಾಳಿಯಿಂದ ಕಾಯುವ ಪುಡಿ) ತುಂಬಿದ ತಂತಿಯನ್ನು ಹಲವರು ಆರಿಸಿಕೊಳ್ಳುತ್ತಾರೆ. ಗಾಳಿಯಲ್ಲಿ ಅದು ನಿಜಕ್ಕೂ ಚೆನ್ನಾಗಿ ನಡೆಯುತ್ತದೆ. ಆದರೆ ಕಿಡಿ ಹೆಚ್ಚು, ಹೊಗೆ ಹೆಚ್ಚು, ಮೇಲೆ ಸ್ಲ್ಯಾಗ್ ಕೂರುತ್ತದೆ, ತಂತಿ ದುಬಾರಿ, ಮತ್ತು ಒಂದು ಮಿಲಿಮೀಟರಿನ ತಗಡಿಗೆ ಅದರ ಕಾವು ನನ್ನ ಕೈಗೆ ಹೆಚ್ಚೇ ಎನಿಸಿತು. ಈ ತಂತಿಗೆ ಟಾರ್ಚನ್ನು (ತಂತಿ ಹೊರಬರುವ ಕೈಹಿಡಿಯನ್ನು) ಯಂತ್ರದ ಋಣ ತುದಿಗೆ ಸಿಕ್ಕಿಸಬೇಕು, ಗ್ಯಾಸ್ ಹಾಕಿ ಗಟ್ಟಿ ತಂತಿ ಓಡಿಸುವಾಗ ಧನ ತುದಿಗೆ. ಹೀಗೆ ಬದಲಿಸಲು ಬಾರದ, ಗ್ಯಾಸಿನ ನಳಿಕೆಯೇ ಇಲ್ಲದ ಯಂತ್ರಗಳು ಎರಡು ಮೂರು ಸಾವಿರ ಅಗ್ಗಕ್ಕೆ ಸಿಗುತ್ತವೆ. ವಾಹನದ ಕೆಲಸಕ್ಕೆಂದು ಅವುಗಳನ್ನು ದಯವಿಟ್ಟು ಕೊಳ್ಳಬೇಡಿ. ಮುಂದೆ ಗ್ಯಾಸಿಗೆ ಹೋಗಬೇಕೆನಿಸಿದ ದಿನ ಇನ್ನೊಂದು ಯಂತ್ರವನ್ನೇ ಕೊಳ್ಳಬೇಕಾಗುತ್ತದೆ.

ದಪ್ಪ ಲೋಹದಲ್ಲಿ ಮಾತ್ರ ಸಣ್ಣ ಮಿಗ್ ಯಂತ್ರವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಐದು ಮಿಲಿಮೀಟರಿನ ಎರಡು ಪಟ್ಟಿಗಳನ್ನು ಒಮ್ಮೆ ಮಿಗ್‌ನಲ್ಲಿ, ಒಮ್ಮೆ ಆರ್ಕ್‌ನಲ್ಲಿ ಕೂಡಿಸಿ, ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸಿ ನೋಡಿದೆ. ಆರ್ಕಿನ ಬೆಸುಗೆ ಒರಟಾಗಿದ್ದರೂ ಪಟ್ಟಿಯೇ ಬಾಗಿತು. ನೋಡಲು ಅಚ್ಚುಕಟ್ಟಾಗಿದ್ದ ಮಿಗ್ ಬೆಸುಗೆ ಹಾಲಿನ ಮೇಲಿನ ಕೆನೆಯಂತೆ ಒಂದು ಬದಿಯಿಂದ ಎದ್ದು ಬಂತು, ಅಡಿಯಲ್ಲಿ ಉಕ್ಕು ಕರಗಿದ ಗುರುತೇ ಇರಲಿಲ್ಲ. ಅಂಚನ್ನು ಇಳಿಜಾರಾಗಿ ಉಜ್ಜಿ, ಕರೆಂಟ್ ಏರಿಸಿದ ಮೇಲೆ ಫಲಿತಾಂಶ ಸುಧಾರಿಸಿತು, ಆದರೂ ಭಾರ ಹೊರುವ ಬ್ರಾಕೆಟ್ಟಿಗೆ ನಾನು ಇಂದಿಗೂ ರಾಡನ್ನೇ ಹಿಡಿಯುತ್ತೇನೆ.

ಕರಗದ ಟಂಗ್‌ಸ್ಟನ್ ಮೊನೆಯ ಕಿಡಿಯಿಂದ ಬೆಸೆಯುವ ಟಿಗ್ ಯಂತ್ರ ಸೊಗಸಾದ ಕೆಲಸ ಕೊಡುತ್ತದೆ, ಆದರೆ ಅದಕ್ಕೆ ಆರ್ಗಾನ್ ಗ್ಯಾಸ್ ಬೇಕು, ತುಕ್ಕಿನ ಲವಲೇಶವೂ ಇಲ್ಲದ ಲೋಹ ಬೇಕು. ಹಳೆಯ ಜೀಪಿಗೆ ಅದು ಹೊಂದುವುದಿಲ್ಲ.

ಹಾಗಾಗಿ ಒಂದೇ ಯಂತ್ರಕ್ಕೆ ಹಣವಿದ್ದರೆ ಇನ್ವರ್ಟರ್ ಆರ್ಕ್ ಕೊಳ್ಳಿ, ತಳದ ತಗಡಿನ ಕೆಲಸವನ್ನು ಮಿಗ್ ಇರುವ ಗ್ಯಾರೇಜಿಗೆ ಕೊಡಿ. ಬಾಡಿ ಕೆಲಸವೇ ಮುಖ್ಯವಾಗಿದ್ದು ಗೋಡೆಯಿರುವ ಶೆಡ್ಡು ಇದ್ದರೆ ಮಾತ್ರ ಮಿಗ್ ಮೊದಲ ಆಯ್ಕೆಯಾಗಬಹುದು. ಯಾವ ಯಂತ್ರವಾದರೂ ಜೀಪಿಗೆ ಹಿಡಿಯುವ ಮುನ್ನ ಬ್ಯಾಟರಿಯ ಋಣ ತುದಿ ಬಿಚ್ಚಿ, ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗದಂತೆ ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ. ಜಿಐ (ಸತು ಲೇಪಿಸಿದ) ತಗಡಾದರೆ ಸತುವಿನ ಹೊಗೆ ಜ್ವರ ತರಿಸುತ್ತದೆ, ಲೇಪವನ್ನು ಮೊದಲು ಉಜ್ಜಿ ತೆಗೆಯಿರಿ. ಸ್ಟೀರಿಂಗ್, ಚಾಸಿ, ಸ್ಪ್ರಿಂಗನ್ನು ಚಾಸಿಗೆ ಕೂಡಿಸುವ ಶ್ಯಾಕಲ್‌ಗಳಿಗೆ ಹವ್ಯಾಸಿಗಳು ಕೈ ಹಾಕಲೇಬಾರದು. ವಾಹನದ ಮೂಲ ವಿನ್ಯಾಸ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಅಡ್ಡ ಬರುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮ ಜೀಪಿನಿಂದಲೇ ಕತ್ತರಿಸಿದ ತಗಡಿನ ಎರಡು ತುಂಡು ಮತ್ತು ಐದು ಮಿಲಿಮೀಟರಿನ ಎರಡು ಪಟ್ಟಿ ಜೊತೆಗಿರಲಿ. 200 ಆಂಪಿಯರ್ ಎಂಬ ದೊಡ್ಡ ಅಕ್ಷರವನ್ನು ಬಿಟ್ಟು ಹಿಂಬದಿಯ ಫಲಕದಲ್ಲಿ ಡ್ಯೂಟಿ ಸೈಕಲ್ ನೋಡಿ: ಶೇಕಡ 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸುಗೆ, ನಾಲ್ಕು ನಿಮಿಷ ಬಿಡುವು. ಎಷ್ಟು ವೋಲ್ಟಿಗೆ ಇಳಿದರೆ ಯಂತ್ರ ನಿಲ್ಲುತ್ತದೆ ಎಂದು ಕೇಳಿ, ಬೋರ್ಡು ಸುಟ್ಟರೆ ರಿಪೇರಿ ಇದೇ ಜಿಲ್ಲೆಯಲ್ಲಿ ಆಗುತ್ತದೆಯೇ ಎಂದೂ ಕೇಳಿ. ಆಮೇಲೆ ನೀವು ತಂದ ತುಂಡುಗಳನ್ನು ಅಲ್ಲೇ ಕೂಡಿಸಿ ತೋರಿಸಲು ಹೇಳಿ, ಬಗ್ಗಿಸಿ ನೋಡಿ, ನಂತರ ಬೆಲೆಯ ಮಾತಾಡಿ.