ಪಾರ್ಶ್ವವಾಯುವಿನ ನಂತರ ಹೃದಯದ ಗಂಟು ಹುಡುಕಲು ಯಾವ ಪರೀಕ್ಷೆ?

ಮಂಡ್ಯದ ಗೆಳೆಯರೊಬ್ಬರ ತಂದೆಗೆ ಪಾರ್ಶ್ವವಾಯು ಬಡಿದಿದೆ. ಎದೆಯ ಮೇಲಿನ ಎಕೋ (ಹೃದಯದ ಅಲ್ಟ್ರಾಸೌಂಡ್) ಸಾಕೇ, ಗಂಟಲಿನಿಂದ ಇಳಿಸುವ ಎಕೋ ಬೇಕೇ, ಎಂಆರ್‌ಐಗೆ ಮೈಸೂರಿಗೆ ಓಡಬೇಕೇ ಎಂದು ಅವರು ಕೇಳಿದ್ದಾರೆ.

ಖರ್ಚಿಗೂ ಸುಲಭಕ್ಕೂ ಎದೆಯ ಎಕೋ ಮುಂದು, ಉಪವಾಸವೂ ಬೇಡ. ಎಡ ಹೃತ್ಕರ್ಣದ, ಅಂದರೆ ಹೃದಯದ ಮೇಲಿನ ಎಡ ಕೋಣೆಯ, ದೊಡ್ಡ ಮಿಕ್ಸೋಮಾ ಎಂಬ ಗೆಡ್ಡೆ ಸಾಮಾನ್ಯವಾಗಿ ಇದರಲ್ಲೇ ಸಿಗುತ್ತದೆ. ಕವಾಟಕ್ಕೆ ಅಂಟಿದ ಫೈಬ್ರೊಎಲಾಸ್ಟೋಮಾ ಎಂಬ ಪುಟ್ಟ ಗೆಡ್ಡೆ ಹಾಗಲ್ಲ. ಕಡಲೆಕಾಳಿನಷ್ಟೇ ಇದ್ದು ಕಣ್ಣು ತಪ್ಪಿಸಬಹುದು. ಆದರೂ ಅದರ ತುಣುಕೋ ಅದರ ಮೇಲೆ ಕೂತ ರಕ್ತದ ಹೆಪ್ಪೋ ಮೆದುಳಿಗೆ ಹಾರಬಲ್ಲದು. ಎದೆಯ ಎಕೋ ‘ಏನೂ ಇಲ್ಲ’ ಎಂದ ಮೇಲೂ ಕಾರಣ ಸಿಗದಿದ್ದರೆ ನನ್ನ ಒಲವು ಗಂಟಲಿನ ಎಕೋ ಕಡೆಗೆ. ಕೆಲವು ಗಂಟೆ ಹಸಿದಿರಬೇಕು, ಗಂಟಲಿಗೆ ಕಿರಿಕಿರಿ. ನುಂಗಲು ಕಷ್ಟವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಪಾರ್ಶ್ವವಾಯುವಿನಲ್ಲಿ ಅದು ಅಪರೂಪವಲ್ಲ.

ಗೆಡ್ಡೆಯೋ ಹೆಪ್ಪೋ ಎಂಬ ಅನುಮಾನವಿದ್ದಾಗ ಎಂಆರ್‌ಐ ನೆರವಿಗೆ ಬರುತ್ತದೆ. ಅಲುಗಾಡುವ ಪುಟ್ಟ ಗಂಟು ಅದರಲ್ಲಿ ಮಸುಕಾಗಬಹುದು. ಹಳೆಯ ಪೇಸ್‌ಮೇಕರ್ ಇದ್ದವರು ಮೊದಲು ವಿಚಾರಿಸಿಕೊಳ್ಳಲಿ.